ಕಡಲ ನೀರಿಗೆ ದೊಣ್ಣೆನಾಯಕರ ಸಂಘ

ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಎಂದು ಕೇಳಿದ ನಮ್ಮ ಹಿರಿಯರು ನ್ಯೂಜೆರ್ಸಿಗೆ ಹೋಗಿ ಬಂದವರಲ್ಲ. ಹೋಗಿದ್ದರೆ ಗಾದೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತೆಪ್ಪಗೆ ಸಾಲಿನಲ್ಲಿ ನಿಂತು, ಎದೆಗೊಂದು ಬ್ಯಾಡ್ಜು ಚುಚ್ಚಿಕೊಂಡು ಬರುತ್ತಿದ್ದರು. ಹೊಳೆಯ ಮಾತು ಹಾಗಿರಲಿ, ಅಲ್ಲಿ ಅಟ್ಲಾಂಟಿಕ್ ಮಹಾಸಾಗರಕ್ಕೇ ಅಪ್ಪಣೆ ಬೇಕು. ಬೀಚಿನ ನಿರ್ವಹಣೆಗೆಂದು ಶುಲ್ಕ ಎತ್ತಲು ಕಡಲೂರುಗಳಿಗೆ 1955ರ ಕಾನೂನೇ ಅಧಿಕಾರ ಕೊಟ್ಟಿದೆ. ಅಟ್ಲಾಂಟಿಕ್ ಸಿಟಿ, ವೈಲ್ಡ್‌ವುಡ್‌ನಂಥ ಕೆಲವು ಊರುಗಳಲ್ಲಿ ಮರಳು ಬಿಟ್ಟಿ. ಉಳಿದ ಬಹುಪಾಲು ಕಡೆ ಮೆಟ್ಟುವುದಕ್ಕೆ ದುಡ್ಡು. ಬೇಸಿಗೆಯಲ್ಲಿ ಎಡಿಸನ್ ಪಟ್ಟಣದಿಂದ ಮಕ್ಕಳು, ಚಾಪೆ, ಪುಳಿಯೋಗರೆ ಡಬ್ಬಿ ಸಮೇತ ಹೊರಡುವ ಕನ್ನಡದ ಸಂಸಾರಗಳಿಗೆ ಇದು ಮೊದಲ ವರ್ಷವೇ ಗೊತ್ತಾಗುತ್ತದೆ. ಊರಿಂದ ಬಂದ ಮಾವನವರು ಮಲ್ಪೆಯನ್ನು ನೆನೆದು "ಸಮುದ್ರಕ್ಕೂ ಟಿಕೇಟಾ?" ಅಂತಾರೆ. ಅಳಿಯ ಮಾತಾಡದೆ ಕಾರ್ಡು ತೆಗೆಯುತ್ತಾನೆ.

ದುಡ್ಡು ಕೇಳುವವರ ಮೇಲೆ ನನಗೇನೂ ಸಿಟ್ಟಿಲ್ಲ. ದುಡ್ಡು ಕೇಳುವವನು ಎಂಥ ಜಿಪುಣನಾದರೂ ಸಮದರ್ಶಿ. ಯಾರು ಕೊಟ್ಟರೂ ಈಸಿಕೊಳ್ಳುತ್ತಾನೆ. ಅಂಗಡಿ ತೆರೆದವನಿಗೆ ನಮ್ಮೂರಿನವನು, ಪಕ್ಕದೂರಿನವನು ಎಂಬ ಭೇದ ಕಟ್ಟಿಕೊಂಡರೆ ಸಂಜೆಗೆ ಗಲ್ಲಾ ಖಾಲಿ. ಎದುರಿಗೆ ನಿಂತವನು ದುಡ್ಡು ಹಿಡಿದುಕೊಂಡು ಬಂದಿದ್ದರೂ "ಬೇಡಪ್ಪ, ನಿನ್ನ ದುಡ್ಡು ಬೇಡ, ನೀನೂ ಬೇಡ" ಎಂದು ನಯವಾಗಿ, ಸೇವೆಯ ಭಾಷೆಯಲ್ಲಿ ಹಿಂದಕ್ಕೆ ಕಳಿಸಬೇಕಾದರೆ ಲಾಭದ ಆಸೆಯನ್ನೇ ಬಿಟ್ಟ ಮಹಾತ್ಮರು ಬೇಕು. ಅಂಥ ಮಹಾತ್ಮರು ಒಂದೆಡೆ ಸೇರಿ, ನೋಂದಣಿ ಮಾಡಿಸಿಕೊಂಡು, ಬೈಲಾ ಬರೆದುಕೊಂಡರೆ ಅದೇ ಲಾಭರಹಿತ ನಿವಾಸಿಗಳ ಸಂಘ. ಕಡಲತೀರವನ್ನು ಮಾರುಕಟ್ಟೆಯಿಂದ ಕಾಪಾಡಲು ಸರ್ಕಾರ ಬೇಕು ಅಂತಾರೆ. ಕಡಲತೀರವನ್ನು ಮಾರುಕಟ್ಟೆ ಮತ್ತು ಸರ್ಕಾರ ಎರಡರಿಂದಲೂ, ಜೊತೆಗೆ ಜನರಿಂದಲೂ, ಕಾಪಾಡಬಲ್ಲದ್ದು ಸಂಘ ಮಾತ್ರ.

ಈ ಕಲೆಯಲ್ಲಿ ಗುರುಸ್ಥಾನ ಬೇ ಹೆಡ್ ಎಂಬ ಪುಟ್ಟ ಊರಿನದು. ನ್ಯೂಜೆರ್ಸಿ ಕರಾವಳಿಯ ರೈಲು ಮಾರ್ಗ ಮುಗಿಯುವುದೇ ಅಲ್ಲಿ. ರೈಲಿಗೂ ಇನ್ನು ಮುಂದೆ ಹೋಗುವ ಧೈರ್ಯವಿಲ್ಲ. ಊರಿನ ಉದ್ದ 6,667 ಅಡಿ, ಅಂದರೆ ಎರಡು ಕಿಲೋಮೀಟರು. ಅಷ್ಟುದ್ದಕ್ಕೂ ಬೀಚು. 1910ರಲ್ಲಿ ಇಲ್ಲಿ ಹುಟ್ಟಿದ 'ಬೇ ಹೆಡ್ ಇಂಪ್ರೂವ್‌ಮೆಂಟ್ ಅಸೋಸಿಯೇಷನ್' 1932ರಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಯಿತು. ಅದರ ಧ್ಯೇಯೋದ್ದೇಶಗಳನ್ನು ಓದಿದರೆ ಯಾರಿಗಾದರೂ ಕಣ್ಣು ತುಂಬಿ ಬರಬೇಕು: ಊರನ್ನು ಸುಧಾರಿಸುವುದು, ಚಂದಗಾಣಿಸುವುದು, ಬೀಚನ್ನು ಗುಡಿಸುವುದು, ಕಾವಲು ಕಾಯುವುದು, ಈಜುವವರಿಗೆ ಸುರಕ್ಷಿತವಾಗಿಡುವುದು. ನಿವಾಸಿಗಳ ಅನುಕೂಲಕ್ಕೆ, ನೆಮ್ಮದಿಗೆ, ಸಂತೋಷಕ್ಕೆ ಬೇಕಾದ ಯಾವ ಕೆಲಸವನ್ನಾದರೂ ಮಾಡುವುದು. ಆ ಸಂತೋಷದ ಮುಖ್ಯ ಭಾಗ ನಿವಾಸಿಗಳಲ್ಲದವರ ಗೈರುಹಾಜರಿ ಎಂದು ದಾಖಲೆಯಲ್ಲಿ ಬರೆದಿರಲಿಲ್ಲ. ಎಲ್ಲವನ್ನೂ ಬರೆಯಲು ಹೋದರೆ ಬೈಲಾ ಬಹಳ ದೊಡ್ಡದಾಗುತ್ತದೆ.

ಸಂಘದ ಭೂನೀತಿಯನ್ನು ನಮ್ಮ ರಿಯಲ್ ಎಸ್ಟೇಟಿನವರು ಪಠ್ಯವಾಗಿ ಓದಬೇಕು. ಬೀಚಿಗೆ ಅಂಟಿಕೊಂಡಂತೆ 76 ತುಂಡು ಜಮೀನು. ಅದರಲ್ಲಿ ಸಂಘದ ಹೆಸರಿಗಿದ್ದದ್ದು ಆರೇ ಆರು. ಇಷ್ಟರಲ್ಲಿ ಏನು ಮಾಡಬಹುದು ಎಂದು ಕೇಳುವವನು ಪೆದ್ದ. ಊರಿನಿಂದ ಕಡಲಿಗೆ ನೇರ ಹೋಗುವ ಬೀದಿಗಳು ಒಂಬತ್ತು. ಆ ಬೀದಿಗಳು ಮುಗಿದು ಮರಳು ಶುರುವಾಗುವ ಜಾಗವನ್ನು, ಬೀದಿಯಷ್ಟೇ ಅಗಲಕ್ಕೆ, ಒಂಬತ್ತರಲ್ಲಿ ಏಳು ಕಡೆ ಸಂಘ ತನ್ನದಾಗಿ ಇಟ್ಟುಕೊಂಡಿತ್ತು. ಮನೆ ಕೊಳ್ಳಬೇಡ, ಬಾಗಿಲು ಕೊಳ್ಳು. ಉಳಿದ ಒಣಮರಳನ್ನು ಎಷ್ಟೋ ಮಾಲೀಕರು ಸಂಘಕ್ಕೆ ಗುತ್ತಿಗೆ ಕೊಟ್ಟಿದ್ದರು, ಯಾವ ಕಡೆಯವರು ಬೇಕಾದರೂ ಮೂವತ್ತು ದಿನದ ನೋಟಿಸು ಕೊಟ್ಟು ರದ್ದು ಮಾಡಬಹುದಾದ ಗುತ್ತಿಗೆ. ಬೇಸಿಗೆ ಬಂತೆಂದರೆ ಜೀವರಕ್ಷಕರು, ಬೀಚು ಪೊಲೀಸರು, ಕಸ ಬಳಿಯುವವರು ಎಂದು ನಲವತ್ತು ಮಂದಿ ನೌಕರರು. ನೀರಿಗೆ ಇಳಿಯಬಹುದೋ ಬಾರದೋ ಎಂದು ಹೇಳಲು ಕೆಂಪು, ಹಳದಿ, ಹಸಿರು ಬಾವುಟ. ನೀರಿನ ತನಕ ಬರಬಹುದೋ ಬಾರದೋ ಎಂದು ಹೇಳಲು ಬೀದಿಯ ತುದಿಯಲ್ಲಿ ಪೊಲೀಸಪ್ಪ.

ಸದಸ್ಯರಲ್ಲೂ ಶ್ರೇಣಿ ಇತ್ತು. ಮನೆಯ ಮಾಲೀಕರು ಎ ದರ್ಜೆ, ಬಾಡಿಗೆಗೆ ಇರುವವರು ಬಿ ದರ್ಜೆ. ವರ್ಣಾಶ್ರಮ ನಮ್ಮದೇ ಪೇಟೆಂಟ್ ಎಂದು ಬೀಗುವವರು ಇದನ್ನು ಗಮನಿಸಬೇಕು. ಆರು ಅಥವಾ ಹೆಚ್ಚು ಜನರ ಸಂಸಾರಕ್ಕೆ ವರ್ಷಕ್ಕೆ 90 ಡಾಲರ್, ಚಿಕ್ಕ ಸಂಸಾರಕ್ಕೆ 60, ಅತಿಥಿಯ ಬ್ಯಾಡ್ಜಿಗೆ 12. ಊರಿನ ಬೆಂಕಿ ಆರಿಸುವವರಿಗೆ, ಪುರಸಭೆಯ ನೌಕರರಿಗೆ, ಶಾಲೆಯ ಮೇಷ್ಟರುಗಳಿಗೆ ಅವರು ಎಲ್ಲೇ ವಾಸವಿರಲಿ ಬ್ಯಾಡ್ಜು ಸಿಗುತ್ತಿತ್ತು. ಇದನ್ನು ಔದಾರ್ಯ ಎನ್ನದೆ ಬೇರೆ ಹೆಸರಿಟ್ಟರೆ ನಾಲಿಗೆಗೆ ಹುಳ ಬೀಳುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬೇಕಾಗುವವರಿಗೆ ಒಂದಿಷ್ಟು ಮರಳು ಬಿಟ್ಟುಕೊಡದಿದ್ದರೆ ಹೇಗೆ? ಗಾಳ ಹಿಡಿದು ಬಂದವನಿಗೂ ಒಣಮರಳು ದಾಟಿ ನೀರಿನಂಚಿಗೆ ಹೋಗಲು ಅಡ್ಡಿಯಿರಲಿಲ್ಲ. ಮೀನು ಹಿಡಿಯಲು ಬರುವವನು ಬರಬಹುದು, ಮೀನಿನ ಹಾಗೆ ಈಜಲು ಬರುವವನು ಬರಕೂಡದು.

ಹೊರಗಿನವರಿಗೆ ಬಾಗಿಲು ಪೂರ್ತಿ ಮುಚ್ಚಿತ್ತು ಎಂದು ಹೇಳುವವರು ಸಂಘದ್ವೇಷಿಗಳು. ಜೂನ್ ಮೂರನೇ ವಾರದಿಂದ ಸೆಪ್ಟೆಂಬರ್ ಆರಂಭದ ತನಕ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಮಾತ್ರ ನಿರ್ಬಂಧ. ಮಿಕ್ಕಂತೆ ಸಂಜೆ ಐದೂವರೆಯಿಂದ ಮರುದಿನ ಬೆಳಿಗ್ಗೆ ಹತ್ತರವರೆಗೆ ಯಾರು ಬೇಕಾದರೂ ಬರಬಹುದು. ಸೂರ್ಯಸ್ನಾನಕ್ಕೆ ಸದಸ್ಯತ್ವ, ಚಂದ್ರಸ್ನಾನ ಉಚಿತ. ಅಷ್ಟೇ ಅಲ್ಲ, ಜನವರಿಯ ಹಿಮಗಾಳಿಯಲ್ಲಿ ಹಲ್ಲು ಕಟಕಟ ಅನ್ನುವಾಗ ದಿನದ ಇಪ್ಪತ್ನಾಲ್ಕು ಗಂಟೆಯೂ ಸುಸ್ವಾಗತ.

ಇನ್ನು ಕಾನೂನಿನ ಸೊಗಸು. ಗಾಳಿ, ಹರಿಯುವ ನೀರು, ಸಮುದ್ರ, ಸಮುದ್ರದ ದಡ ಇವು ಪ್ರಕೃತಿ ನಿಯಮದಂತೆ ಎಲ್ಲರಿಗೂ ಸೇರಿದ್ದು ಎಂಬ ಮಾತು ಆರನೇ ಶತಮಾನದ ರೋಮನ್ ಚಕ್ರವರ್ತಿ ಜಸ್ಟೀನಿಯನ್ ಕಾಲದ ಸಂಹಿತೆಯಲ್ಲಿದೆ. ಅದು ಇಂಗ್ಲೆಂಡಿಗೆ ಬಂದು, ಅಲ್ಲಿಂದ ಅಮೆರಿಕಕ್ಕೆ ಹಡಗು ಹತ್ತಿತು. ನಮ್ಮ ಸುಪ್ರೀಂ ಕೋರ್ಟೂ 1996ರಲ್ಲಿ, ಹಿಮಾಚಲದಲ್ಲಿ ಬಿಯಾಸ್ ಹೊಳೆಯ ದಿಕ್ಕನ್ನೇ ತಿರುಗಿಸಹೊರಟ ಮೋಟೆಲೊಂದರ ಪ್ರಕರಣದಲ್ಲಿ, ಇದೇ ರೋಮನ್ ಎಳೆ ಹಿಡಿದು ನಮ್ಮ ಗಾದೆಯ ಊರಿಗೇ ಬಂದು ತಲುಪಿತು. ನ್ಯೂಜೆರ್ಸಿಯಲ್ಲಿ ಈ ತತ್ವಕ್ಕೆ ಸಿಕ್ಕಿದ ರೂಪ ಹೀಗೆ: ಭರತದ ಸರಾಸರಿ ಗೆರೆಯ ಆಚೆಗಿನ ಒದ್ದೆ ಮರಳು ಸಾರ್ವಜನಿಕರದ್ದು, ಈಚೆಗಿನ ಒಣ ಮರಳು ಮಾಲೀಕರದ್ದು. ಸಂಘ ಕಾನೂನಿಗೆ ತಲೆಬಾಗುವ ಸಂಘ. ಒದ್ದೆ ಮರಳಿನ ಮೇಲಿರುವ ಯಾರನ್ನೂ ಅದು ಎಂದೂ ಎಬ್ಬಿಸಿದ್ದಿಲ್ಲ. ಅಲ್ಲಿಗೆ ತಲುಪುವುದು ಹೇಗೆ ಎಂಬುದು ಮಾತ್ರ ಸಾರ್ವಜನಿಕರು ಸ್ವಂತ ಬುದ್ಧಿಯಿಂದ ಬಗೆಹರಿಸಿಕೊಳ್ಳಬೇಕಾದ ಸಮಸ್ಯೆ. ಉತ್ತರದ ಪಾಯಿಂಟ್ ಪ್ಲೆಸೆಂಟ್ ಬೀಚಿನಿಂದಲೋ, ದಕ್ಷಿಣದ ಮ್ಯಾಂಟೊಲೋಕಿಂಗಿನಿಂದಲೋ ನೀರಿನಂಚಿನಲ್ಲೇ ನಡೆದು ಬರಬಹುದಿತ್ತು. ಇಳಿತ ಇದ್ದಾಗ ಐವತ್ತು ಅಡಿ ಅಗಲದ ಪಟ್ಟಿ ಸಿಗುತ್ತಿತ್ತು. ಭರತ ಬಂದರೆ ಪ್ರಜೆಯ ಹಕ್ಕು ನೀರಿನೊಳಗೆ, ಪ್ರಜೆಯೂ ನೀರಿನೊಳಗೆ. ತ್ರಿಶಂಕುವಿಗೆ ಸ್ವರ್ಗ ಕಟ್ಟಿಕೊಡಲು ವಿಶ್ವಾಮಿತ್ರ ತಪಸ್ಸನ್ನೆಲ್ಲ ಖರ್ಚು ಮಾಡಿದ. ಇಲ್ಲಿ ಒಂದು ಬೈಲಾ ಸಾಕಾಯಿತು.

1974ರಲ್ಲಿ ಪಕ್ಕದ ಪಾಯಿಂಟ್ ಪ್ಲೆಸೆಂಟ್ ಊರು ಕೋರ್ಟಿಗೆ ಹೋಯಿತು. ಆಮೇಲೆ ಅದೇ ಊರಿನ ನಿವಾಸಿ ವರ್ಜೀನಿಯಾ ಮ್ಯಾಥ್ಯೂಸ್ ವಾದಿಯಾಗಿ ಸೇರಿಕೊಂಡರು. ಮೊಕದ್ದಮೆ ಈಗ ಅವರ ಹೆಸರಿನಿಂದಲೇ ಪ್ರಸಿದ್ಧ. ಇಷ್ಟು ಬಿಗಿ ಯಾಕೆ ಎಂದರೆ ಸಂಘದ ಅಧ್ಯಕ್ಷರ ಸಾಕ್ಷ್ಯದಲ್ಲಿ ಎರಡು ಕಾರಣ: ಗಾಡಿ ನಿಲ್ಲಿಸಲು ಜಾಗ ಸಾಲದು, ಬೀಚಿನಲ್ಲಿ ಜನ ಹೆಚ್ಚಾಗುತ್ತಾರೆ. ಊರಿನಲ್ಲಿ ಕಾಯಂ ಇದ್ದವರು ಆಗ ಸಾವಿರದ ಚಿಲ್ಲರೆ. ಬೇಸಿಗೆ ಮನೆಗಳವರೂ ಸೇರಿ ಸಂಘದ ಸದಸ್ಯರು 4,800ರಿಂದ 5,000. ಊರಿನ ಮೂರು ನಾಲ್ಕು ಪಟ್ಟು ಸದಸ್ಯರು ಸೇರಿದರೆ ಅದು ಬಳಗ. ಐದು ಸಾವಿರದ ಒಂದನೆಯವನಾಗಿ ಪಕ್ಕದೂರಿನವರೊಬ್ಬರು ಟವೆಲ್ ಹಾಸಿದರೆ ಅದು ನೂಕುನುಗ್ಗಲು.

ಪುರಸಭೆಗಳ ಕೈ ಅಷ್ಟರಲ್ಲಿ ಕಟ್ಟಿಹೋಗಿತ್ತು. ಏವನ್ ಎಂಬ ಊರು ಹೊರಗಿನವರಿಗೆ ಹೆಚ್ಚು ಶುಲ್ಕ ಹಾಕಿದಾಗ ರಾಜ್ಯದ ಸುಪ್ರೀಂ ಕೋರ್ಟ್ 1972ರಲ್ಲಿ ಬೈದಿತ್ತು. ಡೀಲ್ ಎಂಬ ಊರು ಪುರಸಭೆಯ ಬೀಚಿನಲ್ಲೇ ಒಂದು ಭಾಗವನ್ನು ಊರಿನವರಿಗೆ ಮೀಸಲಿಟ್ಟಾಗ 1978ರಲ್ಲಿ ಮತ್ತೆ ಬೈಯಿತು. ಸರ್ಕಾರವಾಗಿದ್ದುಕೊಂಡು ಭೇದ ಮಾಡಿದರೆ ಹೀಗೇ ಆಗುವುದು. ಬೇ ಹೆಡ್ಡಿನ ಹಿರಿಯರು 1932ರಲ್ಲೇ ಇದನ್ನು ಕಂಡಿದ್ದರು: ಪುರಸಭೆ ಮಾಡಬಾರದ್ದನ್ನು ಮಾಡಲು ಪುರಸಭೆಯಲ್ಲದ, ಆದರೆ ಪುರಸಭೆಯ ಕೆಲಸವನ್ನೆಲ್ಲ ಮಾಡುವ ಒಂದು ಸಂಸ್ಥೆ ಇರಬೇಕು. ಕೆಳಗಿನ ನ್ಯಾಯಾಲಯಗಳು ಇದನ್ನು ಒಪ್ಪಿದವು. ಖಾಸಗಿಯವರ ಜಾಗ, ಖಾಸಗಿಯವರ ಇಷ್ಟ.

1984ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ಸಂಘವನ್ನು ಕೆಡವಿದ್ದು ಸಂಘದ ಪುಣ್ಯವೇ. ಇವರು ಕಸ ಬಳಿಯುತ್ತಾರೆ, ಜೀವ ಉಳಿಸುತ್ತಾರೆ, ಕಾವಲು ಕಾಯುತ್ತಾರೆ, ಬೀಚಿನ ಮೇಲೆ ಬಹುತೇಕ ಇವರದ್ದೇ ಏಕಸ್ವಾಮ್ಯ. ಊರಾಡಳಿತ ಮಾಡುವ ಕೆಲಸವನ್ನು ಚಾಚೂತಪ್ಪದೆ ಮಾಡುವವರು ಊರಾಡಳಿತದಂತೆಯೇ ನಡೆದುಕೊಳ್ಳಬೇಕಲ್ಲವೇ ಎಂದಿತು ಕೋರ್ಟು. ಅರೆ ಸಾರ್ವಜನಿಕ ಸಂಸ್ಥೆ ಎಂದು ಹಣೆಗೆ ಚೀಟಿ ಅಂಟಿಸಿ, ಸದಸ್ಯತ್ವವನ್ನು ಎಲ್ಲರಿಗೂ ತೆರೆಯಿರಿ, ಹಿತಮಿತವಾದ ಶುಲ್ಕ ಬೇಕಾದರೆ ತೆಗೆದುಕೊಳ್ಳಿ ಎಂದು ಆದೇಶಿಸಿತು. ಒಣಮರಳಿನ ಪ್ರಶ್ನೆಗೂ ಕೋರ್ಟು ಇಳಿಯಿತು: ಈಜುವವನಿಗೆ ನಡುನಡುವೆ ಸುಧಾರಿಸಿಕೊಳ್ಳಲು ದಡ ಬೇಕು, ದಡವಿಲ್ಲದ ಈಜಿನ ಹಕ್ಕು ಹಕ್ಕೇ ಅಲ್ಲ. ಮನುಷ್ಯ ತಿಮಿಂಗಿಲವಲ್ಲ ಎಂಬುದನ್ನು ಸ್ಥಾಪಿಸಲು ಹತ್ತು ವರ್ಷದ ವ್ಯಾಜ್ಯ ಹಿಡಿಯಿತು. ಖಾಸಗಿ ಮಾಲೀಕರೆಲ್ಲರ ಮರಳಿಗೆ ಕೋರ್ಟು ಕೈ ಹಾಕಲಿಲ್ಲ, ಸಂಘದ ಮರಳೇ ಸದ್ಯಕ್ಕೆ ಸಾಕು ಎಂದಿತು. ಕಸ ಬಳಿಯದೆ, ಮುಳುಗುವವರನ್ನು ಮುಳುಗಲು ಬಿಟ್ಟು ಸುಮ್ಮನೆ ಬೇಲಿ ಹಾಕಿ ಕೂತಿದ್ದರೆ ಸಂಘ ಇನ್ನೂ ಖಾಸಗಿಯಾಗಿಯೇ ಉಳಿಯುತ್ತಿತ್ತೇನೋ. ಸೇವೆ ಮಾಡಿ ಕೆಟ್ಟವರ ಪಟ್ಟಿಯಲ್ಲಿ ಇವರದೂ ಒಂದು ಹೆಸರು.

ಅಮೆರಿಕದ ಇನ್ನೊಂದು ತುದಿಯವರಿಗೆ ಇಷ್ಟು ನಾಜೂಕು ತಿಳಿಯದು. ಕ್ಯಾಲಿಫೋರ್ನಿಯಾದ ಮಾಲಿಬುವಿನ ಬ್ರಾಡ್ ಬೀಚಿನಲ್ಲಿ 2005ರಲ್ಲಿ ಮನೆಮಾಲೀಕರ ಸಂಘವೊಂದು ಭಾರಿ ಯಂತ್ರಗಳನ್ನು ಇಳಿಸಿ ಮರಳನ್ನು ಮನೆಗಳ ಕಡೆಗೆ ತಳ್ಳಿಸಿ ದಿಬ್ಬ ಮಾಡಿತು. ಕೊರೆತ ತಡೆಯಲು ಎಂದಿತು ಸಂಘ. ಸಾರ್ವಜನಿಕರ ಮರಳನ್ನೇ ಎತ್ತಿಕೊಂಡು ಹೋಗಿದ್ದಾರೆ ಎಂದಿತು ರಾಜ್ಯದ ಕರಾವಳಿ ಆಯೋಗ. ಜನರನ್ನು ಬೀಚಿನಿಂದ ಓಡಿಸುವ ಬದಲು ಬೀಚನ್ನೇ ಜನರಿಂದ ಓಡಿಸಿದ ಹಾಗಾಯಿತು. ಹುಟ್ಟಿನಿಂದ ನಮ್ಮ ದೇಶದವರಾದ ಕೋಟ್ಯಧಿಪತಿ ವಿನೋದ್ ಖೋಸ್ಲಾ ಅವರಂತೂ ಸಂಘದ ಗೊಡವೆಗೇ ಹೋಗಲಿಲ್ಲ. 2008ರಲ್ಲಿ 32.5 ಮಿಲಿಯನ್ ಡಾಲರಿಗೆ ಮಾರ್ಟಿನ್ಸ್ ಬೀಚಿನ ಪಕ್ಕದ ಜಮೀನು ಕೊಂಡರು, ಆಮೇಲೆ ದಾರಿಯ ಗೇಟಿಗೆ ಬೀಗ ಬಿತ್ತು, 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಮೇಲ್ಮನವಿ ಕೇಳಲು ಒಪ್ಪಲಿಲ್ಲ. ಒಂಟಿಯಾಗಿ ಬೀಗ ಹಾಕಿದವನಿಗೆ ದುರಾಸೆಯ ಹೆಸರು ಬರುತ್ತದೆ. ಐದು ಸಾವಿರ ಜನ ಸೇರಿ ಹಾಕಿದರೆ ಅದು ಸಮುದಾಯ ಪ್ರಜ್ಞೆ.

ಬೇ ಹೆಡ್ಡಿಗೆ ಹಿಂತಿರುಗೋಣ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಬಂತು. ಬೀದಿ ತುದಿಯಲ್ಲಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಪಕ್ಕದ ಮ್ಯಾಂಟೊಲೋಕಿಂಗಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಜಖಂ, ಇಲ್ಲವೇ ನಾಮಾವಶೇಷ. ಬೇ ಹೆಡ್ಡಿನಲ್ಲಿ ಕಡಲಂಚಿನ ಒಂದೇ ಒಂದು ಮನೆ ಪೂರ್ತಿ ಹೋಯಿತು. ಏನಿದು ಮಾಯೆ ಎಂದು ವಿಜ್ಞಾನಿಗಳು ನೋಡಿದರೆ, ಮರಳಿನಡಿ 1882ರಲ್ಲಿ ಕಟ್ಟಿದ ಕಲ್ಲುಗೋಡೆ, 1,260 ಮೀಟರು ಉದ್ದ, ಬಹಳ ಮಂದಿಗೆ ಅದು ಅಲ್ಲಿರುವುದೇ ಮರೆತುಹೋಗಿತ್ತು. ಸಂಘ ಹುಟ್ಟುವ ಮೊದಲೇ ಇದ್ದ ಗೋಡೆ. ನೂರಾಮೂವತ್ತು ವರ್ಷ ಎ ದರ್ಜೆಯೂ ಇಲ್ಲದೆ ಬಿ ದರ್ಜೆಯೂ ಇಲ್ಲದೆ ಕೆಲಸ ಮಾಡಿತು.

ಆಮೇಲೆ ಸರ್ಕಾರಕ್ಕೆ ಔದಾರ್ಯ ಬಂತು. ಈ ತೀರದ ಊರುಗಳಿಗೆ ಸೇನೆಯ ಎಂಜಿನಿಯರುಗಳಿಂದ ಮರಳು ತುಂಬಿಸಿ ಎತ್ತರದ ದಿಬ್ಬ ಕಟ್ಟಿಸಿಕೊಡುತ್ತೇವೆ, ಖರ್ಚಿನ ದೊಡ್ಡ ಪಾಲು ಕೇಂದ್ರದ್ದು ಎಂದಿತು. ಯಾರಾದರೂ ಬೇಡ ಅಂತಾರೆಯೇ? ಬೇ ಹೆಡ್ಡಿನ ಕಡಲಂಚಿನ ಮಾಲೀಕರಲ್ಲಿ ಅನೇಕರು ಅಂದರು. (ಇಲ್ಲಿ ಸಂಘವನ್ನು ಎಳೆಯುವುದು ಅನ್ಯಾಯ, ಇದು ಮಾಲೀಕರ ಸ್ವಂತ ಪ್ರತಿಭೆ.) ನಮಗೆ ನಮ್ಮ ಕಲ್ಲುಗೋಡೆ ಇದೆ, ಬೇಕಾದರೆ ನಮ್ಮ ದುಡ್ಡಿನಲ್ಲೇ ಇನ್ನಷ್ಟು ಉದ್ದ ಮಾಡುತ್ತೇವೆ ಎಂದರು. ಮಾಡಿಯೂ ಮಾಡಿದರು. ಕೋರ್ಟಿಗೆ ಹೋದರು. ಅವರ ಎಂಜಿನಿಯರಿಂಗ್ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ, ಗೋಡೆ ಕೆಲಸ ಮಾಡಿದ್ದು ಸುಳ್ಳಲ್ಲವಲ್ಲ. ಆದರೆ ಸರ್ಕಾರಿ ಮರಳಿಗೆ ಒಂದು ದುರ್ಗುಣವಿದೆ. ಸಾರ್ವಜನಿಕ ಹಣದಿಂದ ಬಂದ ಮರಳಿನ ಹಿಂದೆಯೇ ಸಾರ್ವಜನಿಕರೂ ಬರುತ್ತಾರೆ. ಬೀಚಿಗೆ ದಾರಿ ಬಿಡಿ, ಗಾಡಿ ನಿಲ್ಲಿಸಲು ಜಾಗ ತೋರಿಸಿ ಎಂಬ ಷರತ್ತು ಅದರ ಬಾಲಕ್ಕೇ ಕಟ್ಟಿರುತ್ತದೆ. ಅಲೆಗಿಂತ ಟವೆಲ್ ಅಪಾಯಕಾರಿ. ಕೊನೆಗೆ ಸರ್ಕಾರ ಭೂಸ್ವಾಧೀನದ ಅಧಿಕಾರ ಬಳಸಿತು, ಕೋರ್ಟೂ ಒಪ್ಪಿತು, 2019ರ ಹೊತ್ತಿಗೆ ದಿಬ್ಬ ಎದ್ದು ನಿಂತಿತು.

ದಿಬ್ಬದಿಂದ ನೋಟ ಕೆಡುತ್ತದೆ ಎಂಬ ಕೊರಗು ಬೇರೆ ಊರುಗಳಲ್ಲೂ ಇತ್ತು. ಹಾರ್ವಿ ಸೀಡರ್ಸ್ ಎಂಬಲ್ಲಿ ದಿಬ್ಬ ಅಡ್ಡ ಬಂದು ಕಡಲು ಕಾಣದಾಯಿತೆಂದು ಒಂದು ಮನೆಯವರಿಗೆ ಜ್ಯೂರಿ 3,75,000 ಡಾಲರ್ ಪರಿಹಾರ ಕೊಟ್ಟಿತ್ತು. ಅದೇ ದಿಬ್ಬ ಮನೆಯನ್ನು ಉಳಿಸುತ್ತದಲ್ಲ, ಆ ಲಾಭವನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ ಮೇಲೆ ವ್ಯಾಜ್ಯ ಒಂದು ಡಾಲರಿಗೆ ರಾಜಿಯಾಯಿತು. ಬೇ ಹೆಡ್ಡಿನಲ್ಲಿ ಹಿಂದಿದ್ದ ಅತಿಥಿ ಬ್ಯಾಡ್ಜಿನ ಬೆಲೆಯ ಹನ್ನೆರಡರಲ್ಲಿ ಒಂದು ಪಾಲು.

ಸಂಘ ಎಂದರೆ ಬೇಲಿ ಎಂದೇ ತಿಳಿದವರಿಗೆ ಅದೇ ರಾಜ್ಯದ ದಕ್ಷಿಣ ತುದಿಯ ಡೈಮಂಡ್ ಬೀಚಿನಿಂದ ಒಂದು ಕಿರಿಕಿರಿಯ ಸುದ್ದಿ ಇದೆ. ಅಲ್ಲಿ ಬೇಲಿ ಹಾಕಿದ್ದು ಲಾಭಕ್ಕಾಗಿಯೇ ನಡೆಯುವ ಅಟ್ಲಾಂಟಿಸ್ ಬೀಚ್ ಕ್ಲಬ್. 2003ರಲ್ಲಿ ಸದಸ್ಯತ್ವಕ್ಕೆ 700 ಡಾಲರ್ ಕೇಳಿತು. ಅಕ್ಕಪಕ್ಕದ ನಿವಾಸಿಗಳು ಒಟ್ಟಾಗಿ ರಾಲೀ ಅವೆನ್ಯೂ ಬೀಚ್ ಅಸೋಸಿಯೇಷನ್ ಎಂದು ಹೆಸರಿಟ್ಟುಕೊಂಡು ಕೋರ್ಟು ಹತ್ತಿದರು, 2005ರಲ್ಲಿ ಗೆದ್ದರು. ಗೆಲ್ಲಲು ಬಳಸಿದ ಆಯುಧ ಬೇ ಹೆಡ್ ಸಂಘ ಸೋತ ತೀರ್ಪು. ಜನರನ್ನು ಹೊರಗಿಡಲು ಹೆಣಗಿದ ಸಂಘವೊಂದು ತನ್ನ ಸೋಲಿನಿಂದ ಇನ್ನೊಂದು ಸಂಘಕ್ಕೆ ಬಾಗಿಲು ತೆಗೆದುಕೊಟ್ಟಿತು. ಊರು ಸುಧಾರಿಸುವ ಧ್ಯೇಯ ಕೊನೆಗೂ ಈಡೇರಿತು, ಬೇರೆಯವರ ಊರಿನಲ್ಲಿ. 2019ರಲ್ಲಿ ರಾಜ್ಯ ಈ ಹಕ್ಕುಗಳನ್ನು ಶಾಸನವಾಗಿಯೇ ಬರೆದುಕೊಂಡಿತು. ಈಗ ಪುರಸಭೆಗಳ ಬಳಿ ಉಳಿದಿರುವುದು ಪಾರ್ಕಿಂಗ್ ನಿಷೇಧದ ಫಲಕ ಮತ್ತು ಶೌಚಾಲಯ ಕಟ್ಟದಿರುವ ಸಂಯಮ. ಗಂಟೆಗಟ್ಟಲೆ ಸಮುದ್ರದ ದಂಡೆಯಲ್ಲಿ ಕೂರುವ ಹಕ್ಕನ್ನು ಯಾವ ಕೋರ್ಟು ಬೇಕಾದರೂ ಕೊಡಲಿ, ಅದನ್ನು ಎಷ್ಟು ಹೊತ್ತು ಚಲಾಯಿಸಬಹುದು ಎಂಬುದನ್ನು ಮೂತ್ರಕೋಶ ನಿರ್ಧರಿಸುತ್ತದೆ.

ಇಷ್ಟಾದರೂ ಸಂಘಗಳ ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಒಂದು ವಿಷಯ ಬಾಕಿ ಇದೆ. ಆ ಭರತದ ಗೆರೆ ನಿಂತಲ್ಲಿ ನಿಲ್ಲುವ ಗೆರೆಯಲ್ಲ. ಚಂಡಮಾರುತ ಬಂದು ದಡವನ್ನು ರಾತ್ರೋರಾತ್ರಿ ಕಿತ್ತುಕೊಂಡು ಹೋದರೆ ಕಾನೂನಿನ ಪ್ರಕಾರ ಗಡಿ ಮೊದಲಿದ್ದಲ್ಲೇ ಇರುತ್ತದೆ. ಆದರೆ ಕಡಲು ವರ್ಷವರ್ಷ, ಯಾರಿಗೂ ಗೊತ್ತಾಗದ ಹಾಗೆ ಚೂರುಚೂರೇ ಮೇಲೇರಿ ಬಂದರೆ ಗಡಿಯೂ ಅದರ ಜೊತೆಗೇ ಸರಿದು ಬರುತ್ತದೆ. ಒದ್ದೆಯಾದಷ್ಟೂ ನೆಲ ಸಾರ್ವಜನಿಕರದ್ದು. ನ್ಯೂಜೆರ್ಸಿಯ ಕಡಲು ಈಗ ಏರುತ್ತಿರುವುದು ಈ ಎರಡನೆಯ ಬಗೆಯಲ್ಲಿ. ಎ ದರ್ಜೆಯವರ ಜಗಲಿಯ ಕಡೆಗೆ ಸಾರ್ವಜನಿಕ ಆಸ್ತಿ ತಾನಾಗಿಯೇ ನಡೆದು ಬರುತ್ತಿದೆ. ಮೂವತ್ತು ದಿನದ ನೋಟಿಸು ಯಾರ ಹೆಸರಿಗೆ ಕಳಿಸಬೇಕು ಎಂಬುದನ್ನು ಕಾರ್ಯದರ್ಶಿಗಳು ಸಭೆಯ ಮುಂದಿಡಬೇಕಾಗಿ ವಿನಂತಿ.